ಮೆಚ್ಚುಗೆಯ ಲೆಕ್ಕಕ್ಕೊಂದು ತಂತ್ರಾಂಶ: ಕೊಳ್ಳುವ ಮೊದಲು ತಿಳಿಯಬೇಕಾದದ್ದು



ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಒಂದು ವಿಷಯ ಚರ್ಚೆಗೆ ಬಂದು ತೀರ್ಮಾನವಾಗದೆ ಉಳಿಯಿತು. ಸಂಘದ ಕಾಫಿ ಕಣ, ಅಡಿಕೆ ಸುಲಿಯುವ ಮನೆ, ಗೋದಾಮು, ಕಚೇರಿ ಮತ್ತು ಕೊಯ್ಲು ಹಾಗೂ ಔಷಧಿ ಸಿಂಪರಣೆಯ ತಂಡ, ಇವುಗಳಲ್ಲಿ ದುಡಿಯುವವರ ಒಳ್ಳೆಯ ಕೆಲಸವನ್ನು ಗುರುತಿಸಿ ಬಹುಮಾನ ಕೊಡುವುದಕ್ಕೆ ಒಂದು ತಂತ್ರಾಂಶವನ್ನು ಕೊಳ್ಳಬೇಕೇ, ಬೇಡವೇ ಎಂಬುದೇ ಆ ವಿಷಯ. ಬೆಂಗಳೂರಿನಿಂದ ಬಂದಿದ್ದ ಮಾರಾಟ ಪ್ರತಿನಿಧಿಯೊಬ್ಬರು ಗೋಡೆಯ ಮೇಲೆ ಚಿತ್ರ ಬಿಟ್ಟು ಸೊಗಸಾಗಿ ವಿವರಿಸಿದರು. ನಿರ್ದೇಶಕರಲ್ಲಿ ಅರ್ಧದಷ್ಟು ಮಂದಿ ಕೂಡಲೇ ಕೊಳ್ಳೋಣವೆಂದರು. ಉಳಿದರ್ಧ ಮಂದಿ, "ಆಳು ಸಿಗದ ಕಾಲದಲ್ಲಿ ಆಟಿಕೆ ಬೇರೆ ಕೇಡು" ಎಂದರು. ಕೊನೆಗೆ ವಿಷಯವನ್ನು ಅಭ್ಯಾಸ ಮಾಡಿ ಸದಸ್ಯರ ಮುಂದಿಡುವ ಹೊಣೆ ನನ್ನ ಮೇಲೆ ಬಿತ್ತು. ಆ ಅಭ್ಯಾಸದ ಫಲವೇ ಈ ಲೇಖನ.

ಇದು ಸಂಘದ ಕಚೇರಿಗೆ ಮಾತ್ರ ಸಂಬಂಧಿಸಿದ್ದೆಂದು ಯಾರೂ ಪುಟ ಮಗುಚಬಾರದು. ಮೂರೆಕರೆ ಅಡಿಕೆ ತೋಟದವರಿಗೂ, ಐದೆಕರೆ ಕಾಫಿ ತೋಟದವರಿಗೂ ಇಂದು ದೊಡ್ಡ ಚಿಂತೆ ಒಂದೇ: ಕಳೆದ ವರ್ಷ ಬಂದ ಕೈಗಳು ಈ ವರ್ಷವೂ ಬರುತ್ತವೆಯೇ? ತಂತ್ರಾಂಶ ಕೊಂಡರೂ ಬಿಟ್ಟರೂ ಈ ಪ್ರಶ್ನೆ ನಮ್ಮನ್ನು ಬಿಡದು.

ನನ್ನ ತೋಟದಲ್ಲಿ ಕಲಿತ ಪಾಠ

ಮೊದಲು ನನ್ನದೇ ತಪ್ಪನ್ನು ಹೇಳಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ರೊಬಸ್ಟಾ ಕೊಯ್ಲಿನ ಕಾಲದಲ್ಲಿ, ಜನರಲ್ಲಿ ಹುರುಪು ತುಂಬುವ ಉತ್ಸಾಹದಿಂದ, ಇಡೀ ಸುಗ್ಗಿಯಲ್ಲಿ ಅತಿ ಹೆಚ್ಚು ಕಿಲೋ ಹಣ್ಣು ಕೊಯ್ದವರಿಗೆ ಒಂದು ಪ್ರೆಷರ್ ಕುಕ್ಕರು ಬಹುಮಾನವೆಂದು ಸಾರಿದೆ. ಪ್ರತಿ ಸಂಜೆ ತೂಕವಾದ ಮೇಲೆ ಯಾರು ಮುಂದೆ, ಯಾರು ಹಿಂದೆ ಎಂದು ಹಲಗೆಯ ಮೇಲೆ ಬರೆಯುವ ಏರ್ಪಾಡೂ ಆಯಿತು.

ಮೊದಲ ವಾರ ತೂಕ ಏರಿತು. ಎರಡನೆಯ ವಾರದಿಂದ ಬೇರೆಯೇ ಕಥೆ. ರಸ್ತೆ ಬದಿಯ, ಹಣ್ಣು ತುಂಬಿದ ಸಾಲಿಗಾಗಿ ಬೆಳಗ್ಗೆಯೇ ಮಾತಿಗೆ ಮಾತು ಬೆಳೆಯತೊಡಗಿತು. ಹಳ್ಳದ ಕಡೆಯ ಇಳಿಜಾರಿಗೆ ಇಳಿಯಲು ಯಾರೂ ಒಪ್ಪಲಿಲ್ಲ. ಕಣದಲ್ಲಿ ಹರವಿದ ರಾಶಿಯಲ್ಲಿ ಹಸಿರು ಕಾಯಿ ಎದ್ದು ಕಾಣತೊಡಗಿತು. ಗಿಡದ ಬುಡದಲ್ಲಿ ಉದುರಿದ ಹಣ್ಣನ್ನು ಆಯಲು ಯಾರೂ ಬಗ್ಗಲಿಲ್ಲ. ಅದು ತೂಗುವುದು ಕಡಿಮೆ, ಹಿಡಿಯುವ ಹೊತ್ತು ಹೆಚ್ಚು. ಉದುರು ಹಣ್ಣನ್ನು ಬಿಟ್ಟರೆ ಹಣ್ಣು ಕೊರಕ ಹುಳಕ್ಕೆ ಮುಂದಿನ ವರ್ಷದವರೆಗೂ ನಾವೇ ಮನೆ ಕಟ್ಟಿಕೊಟ್ಟಂತೆ ಎಂಬುದು ನಿಮಗೆಲ್ಲ ತಿಳಿದದ್ದೇ. 1990ರಲ್ಲಿ ನೀಲಗಿರಿಯ ಗೂಡಲೂರಿನ ಕಡೆ ಮೊದಲು ಕಂಡ ಆ ಹುಳ ನಮ್ಮೆಲ್ಲರ ತೋಟಗಳಿಗೂ ಹೇಗೆ ಬಂದು ತಲುಪಿತೆಂಬುದನ್ನು ಮರೆತವರು ಯಾರೂ ಇಲ್ಲ.

ನಮ್ಮಲ್ಲಿ ಹತ್ತೊಂಬತ್ತು ವರ್ಷದಿಂದ ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು ಇದ್ದರು. ಹೊಸಬರು ಬಂದರೆ ತಮ್ಮ ಪಕ್ಕದ ಸಾಲಿಗೆ ನಿಲ್ಲಿಸಿಕೊಂಡು, ರೆಕ್ಕೆ ಮುರಿಯದಂತೆ ಬಗ್ಗಿಸುವುದು ಹೇಗೆ, ಕಾಯಿ ಬಿಟ್ಟು ಹಣ್ಣು ಮಾತ್ರ ಬಿಡಿಸುವುದು ಹೇಗೆ ಎಂದು ಕಲಿಸುವುದು ಅವರ ರೂಢಿ. ಆ ವರ್ಷವೂ ಕಲಿಸಿದರು. ಹಾಗಾಗಿಯೇ ಅವರ ತೂಕ ಕೊನೆಯಿಂದ ಮೂರನೆಯದಾಯಿತು. ಹಲಗೆಯ ಮೇಲೆ ದಿನವೂ ಆ ಹೆಸರು ಕೆಳಗೇ ಇತ್ತು. ಕುಕ್ಕರು ಕೊಟ್ಟ ದಿನ ಅವರು ನನ್ನ ಬಳಿ ಬಂದು ಹೇಳಿದರು: "ಅಯ್ಯಾ, ಕುಕ್ಕರು ಆ ಹುಡುಗನಿಗೆ ಬಂತು, ನಂಗೇನೂ ಹೊಟ್ಟೆಕಿಚ್ಚಿಲ್ಲ. ಆದ್ರೆ ಬುಡದ ಹಣ್ಣು ಆರಿಸಿದ್ದು, ಹುಡುಗೀರಿಗೆ ಹೇಳಿಕೊಟ್ಟಿದ್ದು ಯಾವ ಲೆಕ್ಕಕ್ಕೂ ಬರ್ಲಿಲ್ವಲ್ಲ." ನನ್ನಲ್ಲಿ ಉತ್ತರವಿರಲಿಲ್ಲ. ಮರುವರ್ಷ ಸುಗ್ಗಿಗೆ ಅವರು ಬರಲಿಲ್ಲ. ಪಕ್ಕದ ತೋಟಕ್ಕೆ ಹೋದರು. ಅವರ ಹಿಂದೆ ಇನ್ನೂ ಇಬ್ಬರು ಹೋದರು.

ಒಂದು ಕುಕ್ಕರಿಗೆ ನಾನು ತೆತ್ತ ಬೆಲೆ ಮೂರು ಜನ ನುರಿತ ಕೆಲಸಗಾರರು. ತಂತ್ರಾಂಶದ ಮಾತು ಬಂದಾಗ ನನಗೆ ಮೊದಲು ನೆನಪಾದದ್ದು ಆ ಹಲಗೆಯೇ. ಪ್ರತಿನಿಧಿಗಳು ತೋರಿಸಿದ ಚಿತ್ರದಲ್ಲಿಯೂ ಅಂತಹುದೇ ಒಂದು ಹಲಗೆ ಬಣ್ಣಬಣ್ಣವಾಗಿ ಮಿನುಗುತ್ತಿತ್ತು.

ಈ ತಂತ್ರಾಂಶ ಮಾಡುವುದೇನು?

ಹೆಸರು ಬೇರೆಬೇರೆಯಾದರೂ ಇವುಗಳ ತಿರುಳು ಒಂದೇ. ಬೊನಸ್ಲಿ, ಅಚೀವರ್ಸ್, ವರ್ಕ್‌ಹ್ಯೂಮನ್ ಮೊದಲಾದವು ಹೊರದೇಶದವು. ವ್ಯಾಂಟೇಜ್ ಸರ್ಕಲ್, ಎಂಪಲ್ಸ್ ಮೊದಲಾದವು ನಮ್ಮ ದೇಶದವು. ಕೆಲಸಗಾರರೆಲ್ಲರ ಹೆಸರನ್ನು ಅದರಲ್ಲಿ ಸೇರಿಸಲಾಗುತ್ತದೆ. ಮೇಲಿನವರು ಕೆಳಗಿನವರಿಗೆ, ಅಥವಾ ಜೊತೆಯವರು ಜೊತೆಯವರಿಗೆ, ಮೊಬೈಲಿನಲ್ಲಿ ಒಂದು ಮೆಚ್ಚುಗೆಯ ಮಾತು ಬರೆದು ಕಳಿಸಬಹುದು. ಅದರೊಂದಿಗೆ ಇಷ್ಟು ಅಂಕ ಎಂದು ಸೇರಿಸಬಹುದು. ಅಂಕ ಕೂಡಿದ ಮೇಲೆ ಅದನ್ನು ಸಾಮಾನಿಗೋ ಅಂಗಡಿಯ ಚೀಟಿಗೋ ಬದಲಿಸಿಕೊಳ್ಳಬಹುದು. ಇಷ್ಟು ವರ್ಷ ಸೇವೆ ಪೂರ್ತಿಯಾಯಿತೆಂದು, ಹುಟ್ಟುಹಬ್ಬವೆಂದು ನೆನಪಿಸುವ ಸೌಕರ್ಯವೂ ಇರುತ್ತದೆ. ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ವರದಿ ಆಡಳಿತದವರಿಗೆ ಸಿಗುತ್ತದೆ. ಸಾಮಾನ್ಯವಾಗಿ ತಲೆಗೆ ತಿಂಗಳಿಗೆ ಇಷ್ಟೆಂದು ಬಾಡಿಗೆ; ಬಹುಮಾನದ ಹಣ ಬೇರೆ.

ಅಂದರೆ ಇದು ಒಂದು ಪುಸ್ತಕ, ಒಂದು ಅಂಚೆಪೆಟ್ಟಿಗೆ ಮತ್ತು ಒಂದು ಬಹುಮಾನದ ಅಂಗಡಿ, ಈ ಮೂರನ್ನು ಸೇರಿಸಿ ಕಟ್ಟಿದ್ದು. ಯಾವ ಕೆಲಸವನ್ನು ಮೆಚ್ಚಬೇಕೆಂಬುದನ್ನು ಅದು ಹೇಳಿಕೊಡದು. ಅದನ್ನು ನಾವೇ ಹೇಳಬೇಕು. ತಪ್ಪು ಹೇಳಿದರೆ ತಪ್ಪನ್ನೇ ಅದು ಬೇಗಬೇಗ ಮಾಡುತ್ತದೆ.

ನಾಲ್ಕನ್ನು ಬೆರೆಸಬಾರದು

ಸಂಬಳ, ಬೋನಸ್, ಬಹುಮಾನ, ಮೆಚ್ಚುಗೆ: ಇವು ನಾಲ್ಕು ಬೇರೆಬೇರೆ ಸಂಗತಿಗಳು. ಇವನ್ನು ಕಲಸಿದಲ್ಲಿಯೇ ಹೆಚ್ಚಿನ ಜಗಳ ಹುಟ್ಟುವುದು.

ಸಂಬಳ ದುಡಿದವರ ಹಕ್ಕು. ಕಿಲೋ ಲೆಕ್ಕದಲ್ಲಿ ಹೆಚ್ಚು ಕೊಯ್ದವರಿಗೆ ಹೆಚ್ಚು ಕೊಡುವುದೂ ಸಂಬಳವೇ ಹೊರತು ಬಹುಮಾನವಲ್ಲ. ಇದನ್ನು ಹಣವಾಗಿಯೇ ಕೊಡಬೇಕು. ಅಂಕ, ಚೀಟಿ, ಸಾಮಾನುಗಳಿಂದ ಸಂಬಳ ತೀರುವುದಿಲ್ಲ.

ಬೋನಸ್ ಎಂಬುದು ಕಾನೂನಿನ ಮಾತು. 1965ರ ಬೋನಸ್ ಕಾಯ್ದೆ ಈಗ 2019ರ ವೇತನ ಸಂಹಿತೆಯಲ್ಲಿ ಸೇರಿಹೋಗಿದೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಲ್ಲಿ, ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿದ ಅರ್ಹ ನೌಕರರಿಗೆ ಕನಿಷ್ಠ ಶೇಕಡ 8.33, ಗರಿಷ್ಠ ಶೇಕಡ 20ರ ಮಿತಿಯಲ್ಲಿ ಬೋನಸ್ ಸಲ್ಲಬೇಕು. "ಅಂಕ ಕೊಟ್ಟಿದ್ದೇವೆ, ಬೋನಸ್ಸಿನಲ್ಲಿ ಮುರಿದುಕೊಳ್ಳುತ್ತೇವೆ" ಎಂಬ ಮಾತು ಯಾರ ಬಾಯಲ್ಲೂ ಬರಕೂಡದು.

ಬಹುಮಾನವೆಂದರೆ ಹಕ್ಕಿನ ಮೇಲೆ, ನಾವು ಸಂತೋಷದಿಂದ ಕೊಡುವ ವಸ್ತು ಅಥವಾ ಹಣ.

ಮೆಚ್ಚುಗೆಯೆಂದರೆ ಕಂಡದ್ದನ್ನು ಕಂಡ ಹಾಗೆ, ನಾಲ್ಕು ಜನರ ಮುಂದೆ ಅಥವಾ ಅವರೊಬ್ಬರ ಮುಂದೆ ಹೇಳುವುದು. ಇದಕ್ಕೆ ಕಾಸು ಬೇಡ. ಆದರೆ ನೋಡುವ ಕಣ್ಣು ಬೇಕು, ಹೇಳುವ ಬಾಯಿ ಬೇಕು. ನಮ್ಮಲ್ಲಿ ಹೆಚ್ಚು ಬಡತನವಿರುವುದು ಇದಕ್ಕೇ.

ಮೊದಲಿನೆರಡು ಸರಿಯಿಲ್ಲದ ಕಡೆ ಕೊನೆಯೆರಡು ಹಾಸ್ಯಾಸ್ಪದವಾಗುತ್ತವೆ. ಬಟವಾಡೆ ಎರಡು ವಾರ ತಡಮಾಡಿ, ಮೊಬೈಲಿನಲ್ಲಿ ಚಪ್ಪಾಳೆಯ ಚಿತ್ರ ಕಳಿಸಿದರೆ ಕೆಲಸಗಾರರು ಏನೆಂದುಕೊಂಡಾರು? ಆದುದರಿಂದ ಸಂಘದಲ್ಲಿ ಮೊದಲು ನೋಡಬೇಕಾದದ್ದು ಬಟವಾಡೆಯ ದಿನ ತಪ್ಪುತ್ತಿಲ್ಲವೇ, ಸರಿಸಮ ಕೆಲಸಕ್ಕೆ ಹೆಂಗಸರಿಗೂ ಗಂಡಸರಿಗೂ ಸರಿಸಮ ಕೂಲಿ ಸಲ್ಲುತ್ತಿದೆಯೇ ಎಂಬುದನ್ನು.

ಬೇರೆಡೆಯವರ ಅನುಭವ

ಬಹುಮಾನ ಕೊಟ್ಟರೆ ಏನಾಗುತ್ತದೆಂದು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ನಮಗೆ ಉಪಯೋಗವಾಗುವ ನಾಲ್ಕೈದನ್ನು ಇಲ್ಲಿ ಕೊಡುತ್ತೇನೆ.

ಇಂಗ್ಲೆಂಡಿನ ಒಂದು ಹಣ್ಣಿನ ತೋಟದಲ್ಲಿ ಮೊದಲು, ಅಂದು ಆ ಹೊಲದಲ್ಲಿ ದುಡಿದ ಎಲ್ಲರ ಸರಾಸರಿಗೆ ಹೋಲಿಸಿ ಕೊಯ್ಲಿನವರ ಕೂಲಿಯನ್ನು ಗೊತ್ತುಮಾಡುತ್ತಿದ್ದರು. ಒಬ್ಬರು ವೇಗವಾಗಿ ಕೊಯ್ದರೆ ಉಳಿದವರ ಕೂಲಿಗೆ ಪೆಟ್ಟು. ಆಮೇಲೆ ನೇರವಾಗಿ ಕೊಯ್ದಷ್ಟಕ್ಕೆ ಕೂಲಿ ಎಂದು ಬದಲಿಸಿದರು. ಕೆಲಸಗಾರರ ಕೊಯ್ಲು ಕಡಿಮೆಯೆಂದರೂ ಶೇಕಡ 50 ಏರಿತು. ಬಂಡಿಯೇರಾ, ಬರಂಕೇ, ರಸೂಲ್ ಎಂಬ ಅರ್ಥಶಾಸ್ತ್ರಜ್ಞರು 2005ರಲ್ಲಿ ಇದನ್ನು ಪ್ರಕಟಿಸಿದರು. ಮೊದಲಿನ ಪದ್ಧತಿಯಲ್ಲಿ ಜನ ಸೋಮಾರಿಗಳಾಗಿರಲಿಲ್ಲ. ಜೊತೆಯ ಗೆಳೆಯರ ಹೊಟ್ಟೆಯ ಮೇಲೆ ಹೊಡೆಯಲು ಮನಸ್ಸಿಲ್ಲದೆ ಕೈ ಹಿಡಿದಿದ್ದರು. ಒಬ್ಬರ ಏಳಿಗೆ ಇನ್ನೊಬ್ಬರ ನಷ್ಟವಾಗುವ ಏರ್ಪಾಡು ನಮ್ಮಂತಹ ಪರಿಚಿತರ ಗುಂಪಿನಲ್ಲಿ ನಡೆಯದು.

ಅಮೆರಿಕದ ಒಂದು ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ, ತಿಂಗಳು ಪೂರ್ತಿ ತಪ್ಪದೆ ಸಮಯಕ್ಕೆ ಬಂದವರ ಹೆಸರನ್ನು ಚೀಟಿ ಎತ್ತಿ ಬಹುಮಾನ ಕೊಡುವ ಪದ್ಧತಿ ತಂದರು. 2016ರಲ್ಲಿ ಪ್ರಕಟವಾದ ಅಧ್ಯಯನದಂತೆ, ಜನ ಬಹುಮಾನದ ಅರ್ಹತೆ ಇರುವವರೆಗೆ ಮಾತ್ರ ಸಮಯಪಾಲನೆ ಮಾಡಿದರು. ಅದಕ್ಕಿಂತ ಮುಖ್ಯವಾಗಿ, ಬಹುಮಾನವಿಲ್ಲದೆಯೂ ಮೊದಲಿನಿಂದ ಶಿಸ್ತಾಗಿ ಬರುತ್ತಿದ್ದವರ ಕೆಲಸದ ಇಳುವರಿ ಶೇಕಡ 6ರಿಂದ 8ರಷ್ಟು ಕುಸಿಯಿತು. ತಾವು ಮಾಡುತ್ತಿದ್ದುದಕ್ಕೆ ಬೆಲೆ ಇರಲಿಲ್ಲ, ಹೊಸದಾಗಿ ಮಾಡುವವರಿಗೆ ಬೆಲೆ ಬಂತು ಎಂದು ಅವರ ಮನಸ್ಸು ಮುರಿದಿರಬೇಕು. ನನ್ನ ತೋಟದ ಹಿರಿಯ ಹೆಂಗಸಿನ ಮಾತೂ ಇದೇ ಅಲ್ಲವೇ?

ಶಿಶುವಿಹಾರದ ಮಕ್ಕಳ ಮೇಲೆ ಮಾಡಿದ 1973ರ ಒಂದು ಪ್ರಸಿದ್ಧ ಪ್ರಯೋಗವಿದೆ. ಚಿತ್ರ ಬರೆಯಲು ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ ಬಹುಮಾನದ ಆಸೆ ಮೊದಲೇ ತೋರಿಸಿ ಬರೆಸಿದರು. ಕೆಲವರಿಗೆ ಹೇಳದೆ, ಬರೆದಾದ ಮೇಲೆ ಕೊಟ್ಟರು. ಕೆಲದಿನ ಕಳೆದು ನೋಡಿದರೆ, ಆಸೆ ತೋರಿಸಿದ ಮಕ್ಕಳು ಚಿತ್ರ ಬರೆಯುವ ಗೀಳನ್ನೇ ಕಡಿಮೆ ಮಾಡಿಕೊಂಡಿದ್ದರು. ಅನಿರೀಕ್ಷಿತವಾಗಿ ಪಡೆದ ಮಕ್ಕಳ ಇಷ್ಟ ಕುಂದಿರಲಿಲ್ಲ.

ಎಲ್ಲವೂ ಎಚ್ಚರಿಕೆಯ ಕಥೆಗಳೇ ಅಲ್ಲ. 2016ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಕೆಲವು ಗಂಟೆಗಳ ಲೆಕ್ಕ ತುಂಬುವ ಕೆಲಸಕ್ಕೆ ಬಂದವರನ್ನು ಸಣ್ಣ ಗುಂಪುಗಳಾಗಿ ಮಾಡಿ, ಮಧ್ಯದಲ್ಲಿ ಕೆಲವರಿಗೆ ಕೃತಜ್ಞತೆಯ ಒಂದು ಕಾಗದ ಕೊಟ್ಟರು. ಕಾಸಿಲ್ಲ, ಕಾಗದ ಮಾತ್ರ. ಕೆಲಸ ಹೆಚ್ಚಿತು. ಗುಂಪಿನ ಒಬ್ಬರಿಗೇ ಕೊಟ್ಟುದಕ್ಕಿಂತ, ಎಲ್ಲರಿಗೂ ಹಂಚಿದ್ದಕ್ಕಿಂತ, ಚೆನ್ನಾಗಿ ಮಾಡಿದ ಮೂವರಿಗೆ ಕೊಟ್ಟಾಗ ಫಲ ಹೆಚ್ಚು. ಕಾಗದ ಸಿಗದವರೇ ಮುಖ್ಯವಾಗಿ ಚುರುಕಾದರು.

ಕೊನೆಯದಾಗಿ ಒಂದು ಹಳೆಯ ಕಥೆ. 1902ರಲ್ಲಿ ಫ್ರೆಂಚರ ಆಳ್ವಿಕೆಯಲ್ಲಿದ್ದ ಹನೋಯ್ ನಗರದಲ್ಲಿ ಇಲಿ ಕಾಟ ಹೆಚ್ಚಿ, ಕೊಂದ ಇಲಿಯ ಬಾಲ ತಂದವರಿಗೆ ಕಾಸು ಎಂದು ಸಾರಿದರು. ಬಾಲಗಳು ಸಾವಿರಗಟ್ಟಲೆ ಬಂದವು. ಊರಲ್ಲಿ ಬಾಲವಿಲ್ಲದ ಇಲಿಗಳು ಓಡಾಡತೊಡಗಿದವು! ಬಾಲ ಕತ್ತರಿಸಿ ಬಿಟ್ಟರೆ ಮತ್ತೆ ಮರಿ ಹಾಕುತ್ತವಲ್ಲ. ಕೆಲವರು ಇಲಿ ಸಾಕುವುದಕ್ಕೂ ತೊಡಗಿದರು. ಕಾಂಡಕೊರಕ ಹೊಕ್ಕ ಗಿಡ ತೋರಿಸಿದರೆ ಗಿಡಕ್ಕೆ ಇಷ್ಟು ಎಂದು ನಾವು ಬಹುಮಾನ ಕಟ್ಟಿದರೂ, ಕೊರಕವಿಲ್ಲದ ಗಿಡಕ್ಕೆ ಗುರುತು ಬಿದ್ದೀತೆಂಬ ಎಚ್ಚರ ಇರಬೇಕು. ಅಳೆಯಲು ಸುಲಭವಾದದ್ದೆಲ್ಲ ನಮಗೆ ಬೇಕಾದದ್ದಲ್ಲ.

ಮಾರುವವರನ್ನು ಕೇಳಬೇಕಾದ ಎಂಟು ಪ್ರಶ್ನೆಗಳು

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ತಂತ್ರಾಂಶದ ಆಯ್ಕೆಗೆ ಬರೋಣ.

1. ಭಾಷೆ ಯಾವುದು? ನಮ್ಮ ತಂಡದಲ್ಲಿ ಕನ್ನಡ, ತುಳು, ತಮಿಳು ಮಾತಾಡುವವರಿದ್ದಾರೆ. ಅಸ್ಸಾಂ, ಬಂಗಾಳದಿಂದ ಬಂದವರಿದ್ದಾರೆ. ಓದಲು ಬಾರದವರೂ ಇದ್ದಾರೆ. ಅಕ್ಷರದ ಬದಲು ದನಿಯಲ್ಲಿ ಮೆಚ್ಚುಗೆ ಕಳಿಸಲು, ಕೇಳಲು ಆಗುವುದೇ? ಗುಂಡಿಗಳ ಮೇಲಿನ ಹೆಸರು ಮಾತ್ರ ಕನ್ನಡವಾಗಿ ಒಳಗೆಲ್ಲ ಇಂಗ್ಲಿಷಾದರೆ ಪ್ರಯೋಜನವಿಲ್ಲ.

2. ಮೊಬೈಲು ಇಲ್ಲದವರ ಗತಿಯೇನು? ಒಂದೇ ಮನೆಯಲ್ಲಿ ಒಂದೇ ಮೊಬೈಲು, ಅದೂ ಗಂಡನ ಕೈಯಲ್ಲಿ. ಹೆಂಡತಿಗೆ ಬಂದ ಮೆಚ್ಚುಗೆಯನ್ನು ಹೆಂಡತಿ ನೋಡುವುದು ಹೇಗೆ? ಕಣದಲ್ಲಿಯೋ ಕಚೇರಿಯಲ್ಲಿಯೋ ಎಲ್ಲರಿಗಾಗಿ ಒಂದು ಯಂತ್ರವಿಟ್ಟು ಬಳಸಲು ಸಾಧ್ಯವೇ?

3. ಸಿಗ್ನಲ್ ಇಲ್ಲದ ಕಡೆ ನಡೆಯುವುದೇ? ಹಳ್ಳದ ಕೆಳಗಿನ ತೋಟದಲ್ಲಿ ಬರೆದದ್ದು, ರಸ್ತೆಗೆ ಬಂದಾಗ ತಾನಾಗಿ ಸೇರಿಕೊಳ್ಳಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ವಿದ್ಯುತ್ತಿಲ್ಲದ ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ. ಪ್ರತಿನಿಧಿಗಳು ಕಚೇರಿಯಲ್ಲಿ ತೋರಿಸಿದರೆ ಸಾಲದು. ತೋಟಕ್ಕೆ ಕರೆದೊಯ್ದು ತೋರಿಸಿ ಎನ್ನಬೇಕು.

4. ಪೈಪೋಟಿಯ ಹಲಗೆಯನ್ನು ಮುಚ್ಚಲು ಬರುವುದೇ? ಯಾರು ಮುಂದೆ, ಯಾರು ಹಿಂದೆ ಎಂಬ ಪಟ್ಟಿಯನ್ನು ಪೂರ್ತಿ ನಿಲ್ಲಿಸುವ ಅವಕಾಶ ಇರಲೇಬೇಕು. ಇಲ್ಲದಿದ್ದರೆ ಮಾತುಕತೆ ಅಲ್ಲಿಗೇ ಮುಗಿಸಬಹುದು.

5. ಅಂಕ ಎಲ್ಲಿ ಚಲಾವಣೆಯಾಗುವುದು? ಪಟ್ಟಣದ ದೊಡ್ಡ ಅಂಗಡಿಯ ಚೀಟಿ, ಮನೆಗೆ ತಲುಪದ ಪಾರ್ಸಲು ನಮ್ಮವರಿಗೆ ಬೇಡ. ಸಂಘದ ಮಾರಾಟ ಮಳಿಗೆಯಲ್ಲಿಯೇ ಅಕ್ಕಿ, ಎಣ್ಣೆ, ಕಂಬಳಿ, ಗಂಬೂಟು, ಮಕ್ಕಳ ಪುಸ್ತಕಕ್ಕೆ ಬದಲಿಸಿಕೊಳ್ಳುವಂತಿರಬೇಕು. ಅಂಕಕ್ಕೆ ಅವಧಿ ಇದೆಯೇ? ಬಳಸದೆ ಉಳಿದ ಅಂಕದ ಹಣ ಸಂಘಕ್ಕೆ ವಾಪಸೋ, ಕಂಪನಿಗೆ ಲಾಭವೋ? ಅಂಕ ಕೊಟ್ಟಾಗಲೇ ನಮ್ಮಿಂದ ಹಣ ಪಡೆಯುತ್ತಾರೋ, ಬಳಸಿದಾಗಲೋ? ಈ ಮೂರು ಪ್ರಶ್ನೆಗೆ ಉತ್ತರ ಬರಹದಲ್ಲಿ ಬೇಕು.

6. ಯಾರು ಮೆಚ್ಚಬಹುದು? ಮೇಸ್ತ್ರಿ ಒಬ್ಬರ ಕೈಗೇ ಕೊಟ್ಟರೆ ಅವರಿಗೆ ಬೇಕಾದವರಿಗಷ್ಟೇ ಅಂಕ. ಜೊತೆಯವರಿಗೂ ಅಧಿಕಾರ ಕೊಟ್ಟರೆ "ನನಗೆ ನೀನು, ನಿನಗೆ ನಾನು" ಎಂಬ ಒಳಒಪ್ಪಂದ. ಎರಡನ್ನೂ ಬೆರೆಸಿ, ತಿಂಗಳಿಗೆ ಇಷ್ಟೇ ಎಂಬ ಮಿತಿ ಹಾಕಲು ಸಾಧ್ಯವಿರಬೇಕು. ಜೊತೆಗೆ, ಏನು ಕಂಡು ಮೆಚ್ಚಿದಿರಿ ಎಂಬ ಒಂದು ವಾಕ್ಯವಿಲ್ಲದೆ ಅಂಕ ಹೋಗದಂತೆ ಕಟ್ಟಬೇಕು. "ಒಳ್ಳೆಯ ಕೆಲಸ" ಎಂದರೆ ಮೆಚ್ಚುಗೆಯಲ್ಲ. "ಮೋಡ ಕಟ್ಟಿದ್ದನ್ನು ನೋಡಿ ಊಟ ಬಿಟ್ಟು ಎದ್ದು ಕಣದ ಕಾಫಿಗೆ ಟಾರ್ಪಾಲು ಹಾಕಿದರು" ಎಂಬುದು ಮೆಚ್ಚುಗೆ.

7. ಮರೆತುಹೋದವರನ್ನು ತೋರಿಸುವುದೇ? ನನ್ನ ಅಭಿಪ್ರಾಯದಲ್ಲಿ ಯಂತ್ರದಿಂದ ನಮಗೆ ಆಗಬಹುದಾದ ನಿಜವಾದ ಉಪಕಾರ ಇದೊಂದೇ. ಮೂರು ತಿಂಗಳಲ್ಲಿ ಒಬ್ಬರೂ ಹೆಸರೆತ್ತದವರು ಯಾರು? ಹೆಂಗಸರಿಗೆ ಎಷ್ಟು, ಗಂಡಸರಿಗೆ ಎಷ್ಟು? ಊರವರಿಗೆ ಎಷ್ಟು, ಹೊರಗಿನಿಂದ ಬಂದವರಿಗೆ ಎಷ್ಟು? ಮೆಟ್ಟುಗತ್ತಿಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕೂತು ಅಡಿಕೆ ಸುಲಿಯುವವರು ಕಚೇರಿಯವರ ಕಣ್ಣಿಗೆ ಬೀಳುವುದಿಲ್ಲ. ಗೋದಾಮಿನಲ್ಲಿ ಮೂಟೆ ಹೊರುವವರೂ ಬೀಳುವುದಿಲ್ಲ. ಮನುಷ್ಯರ ಕಣ್ಣು ಮರೆಯುತ್ತದೆ, ಲೆಕ್ಕ ಮರೆಯದು.

8. ವಿವರಗಳು ಯಾರ ಸ್ವತ್ತು? ಹೆಸರು, ಭಾವಚಿತ್ರ, ಹುಟ್ಟಿದ ದಿನ, ದೂರವಾಣಿ ಇವೆಲ್ಲ ಕೆಲಸಗಾರರವು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ, ಒಪ್ಪಿಗೆ ಪಡೆದು, ಬೇಕಾದಷ್ಟನ್ನೇ ಕೊಡಬೇಕು. ಮೆಚ್ಚುಗೆ ಸೂಚಿಸಲು ಆಧಾರ್ ಸಂಖ್ಯೆ ಬೇಕಿಲ್ಲ, ಕೇಳಿದರೂ ಕೊಡಕೂಡದು. ಒಪ್ಪಂದ ಬಿಟ್ಟ ದಿನ ನಮ್ಮ ದಾಖಲೆಗಳನ್ನೆಲ್ಲ ನಮಗೆ ಒಪ್ಪಿಸಿ, ಅವರಲ್ಲಿರುವುದನ್ನು ಅಳಿಸುವರೇ ಎಂಬುದನ್ನೂ ಬರೆಸಿಕೊಳ್ಳಬೇಕು.

ಖರ್ಚಿನ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚುವವರು ನಾವು. ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡೋಣ. ಬಾಡಿಗೆ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ, ಲೆಕ್ಕದ ಸುಲಭಕ್ಕಾಗಿ ತಲೆಗೆ ತಿಂಗಳಿಗೆ 100 ರೂಪಾಯಿ ಎಂದಿಟ್ಟುಕೊಂಡಿದ್ದೇನೆ.

ಸಂಘದಲ್ಲಿ ಸುಗ್ಗಿಯ ಕಾಲದಲ್ಲಿ 38 ಜನ. ವರ್ಷಪೂರ್ತಿ 38 ಹೆಸರಿಗೆ ಬಾಡಿಗೆ ಕಟ್ಟಿದರೆ 38 × 100 × 12 = 45,600 ರೂಪಾಯಿ. ಅದರ ಮೇಲೆ ಶೇಕಡ 18ರ ಜಿ.ಎಸ್.ಟಿ. 8,208 ರೂಪಾಯಿ. ಒಟ್ಟು 53,808 ರೂಪಾಯಿ. ಬಹುಮಾನಕ್ಕೆಂದು ನಾವು ಎತ್ತಿಡಬಹುದಾದ ಹಣ 60,000 ರೂಪಾಯಿ ಎಂದುಕೊಂಡರೆ, ಕೂಡಿ 1,13,808 ರೂಪಾಯಿ ಖರ್ಚು. ಅದರಲ್ಲಿ ಕೆಲಸಗಾರರ ಕೈ ಸೇರುವುದು ರೂಪಾಯಿಗೆ 53 ಪೈಸೆ ಮಾತ್ರ. 47 ಪೈಸೆ ಲೆಕ್ಕ ಇಡುವುದಕ್ಕೇ ಹೋಗುತ್ತದೆ.

ಆದರೆ ಖಾಯಂ ಇರುವವರು 14 ಜನ. ಉಳಿದ 24 ಜನ ಬರುವುದು ನಾಲ್ಕು ತಿಂಗಳಿಗೆ. ದುಡಿದ ತಿಂಗಳಿಗೆ ಮಾತ್ರ ಬಾಡಿಗೆ ಎಂದು ಒಪ್ಪಿಸಿದರೆ, 14 × 12 = 168, 24 × 4 = 96, ಒಟ್ಟು 264 ತಲೆ-ತಿಂಗಳು. ಬಾಡಿಗೆ 26,400, ತೆರಿಗೆ 4,752, ಒಟ್ಟು 31,152 ರೂಪಾಯಿ. ಒಂದು ಮಾತು ಕೇಳಿ ಒಪ್ಪಿಸಿದ್ದಕ್ಕೆ 22,656 ರೂಪಾಯಿ ಉಳಿತಾಯ. ಕಂಪನಿಗಳು ಇಂತಿಷ್ಟು ಜನಕ್ಕೆ ಕಡಿಮೆಯಿಲ್ಲ ಎಂಬ ಕನಿಷ್ಠ ಮಿತಿ ಹಾಕಬಹುದು, ವರ್ಷದ ಹಣ ಮುಂಗಡ ಕೇಳಬಹುದು, ಎರಡನೆಯ ವರ್ಷ ದರ ಏರಿಸಬಹುದು. ಈ ಮೂರನ್ನೂ ಮೊದಲೇ ಕೇಳಬೇಕು. ಬಹುಮಾನದ ಮೇಲೆ ತೆರಿಗೆ ಏನಾದರೂ ಬರುವುದೇ ಎಂಬುದನ್ನು ಸಂಘದ ಲೆಕ್ಕ ಪರಿಶೋಧಕರಿಂದ ಬರಹದಲ್ಲಿ ಪಡೆಯುತ್ತೇನೆ.

ಮೊದಲು ಪುಸ್ತಕ, ಆಮೇಲೆ ಯಂತ್ರ

ನನ್ನ ಸಲಹೆ ಇಷ್ಟು. ಈ ಸುಗ್ಗಿಯಲ್ಲಿ ತಂತ್ರಾಂಶ ಬೇಡ. ಕಣದಲ್ಲಿ ಒಂದು, ಸುಲಿಯುವ ಮನೆಯಲ್ಲಿ ಒಂದು, ಗೋದಾಮಿನಲ್ಲಿ ಒಂದು, ಸಿಂಪರಣೆ ತಂಡದಲ್ಲಿ ಒಂದು, ಹೀಗೆ ನಾಲ್ಕು ನೂರುಪುಟದ ಪುಸ್ತಕ ಇಡೋಣ. ಚೆಕ್‌ರೋಲಿನ ಪಕ್ಕದಲ್ಲಿಯೇ ಅದು ಇರಲಿ. ದಿನಾಂಕ, ಹೆಸರು, ಕಂಡದ್ದು, ಕಂಡವರು ಎಂದು ನಾಲ್ಕು ಕಾಲಮು. ಬರೆಯಲು ಬಾರದವರು ಹೇಳಿದರೆ ರೈಟರು ಬರೆದುಕೊಳ್ಳಲಿ. ಬಟವಾಡೆ ದಿನ ಹಣ ಎಣಿಸುವ ಮೊದಲು ಆ ವಾರದ್ದನ್ನು ಗಟ್ಟಿಯಾಗಿ ಓದಲಿ. ತಿಂಗಳಿಗೊಮ್ಮೆ ಪ್ರತಿ ವಿಭಾಗದಿಂದ ಇಬ್ಬರು ಮೂವರಿಗೆ ಸಣ್ಣ ಬಹುಮಾನ; ಯಾವುದಕ್ಕೆ ಎಂದು ಮೊದಲೇ ಸಾರುವುದು ಬೇಡ. ಮೂರು ತಿಂಗಳಿಗೊಮ್ಮೆ ಹೆಸರು ಬಾರದವರ ಪಟ್ಟಿಯನ್ನು ನಾನೇ ತೆಗೆದು ಮೇಸ್ತ್ರಿಗಳ ಜೊತೆ ಕೂರುತ್ತೇನೆ.

ಔಷಧಿ ಸಿಂಪರಣೆಯವರ ವಿಷಯದಲ್ಲಿ ಒಂದು ಮಾತು ವಿಶೇಷವಾಗಿ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಮಳೆ ಬಿಡುವ ಎರಡು ದಿನದಲ್ಲಿ ಮರ ಏರುವವರಿಗೆ, ಹೆಚ್ಚು ಮರ ಏರಿದವರಿಗೆ ಬಹುಮಾನ ಎಂದು ಯಾರೂ ಎಂದಿಗೂ ಹೇಳಬಾರದು. ಜಾರುವ ಮರದಲ್ಲಿ ಆತುರಕ್ಕೆ ಬಹುಮಾನ ಕೊಟ್ಟರೆ ಅದರ ಪಾಪ ನಮ್ಮದೇ. ಹಗ್ಗ, ತಳೆ ಸರಿಯಿಲ್ಲವೆಂದು ಮರ ಏರಲು ಒಪ್ಪದೆ ಇಳಿದವರನ್ನು ಪುಸ್ತಕದಲ್ಲಿ ಬರೆಯೋಣ.

ಈ ಪುಸ್ತಕಗಳು ಮೂರು ತಿಂಗಳಲ್ಲಿ ತುಂಬಿದರೆ, ಕೈಯಲ್ಲಿ ಲೆಕ್ಕ ಇಡುವುದು ಹೊರೆಯಾಯಿತೆಂದು ರೈಟರು ದೂರಿದರೆ, ಆಗ ತಂತ್ರಾಂಶ ಕೊಳ್ಳಲು ಕಾರಣವಿದೆ. ಎರಡು ಕಂಪನಿಯವರನ್ನು ಕರೆಸಿ, ಮೇಲಿನ ಎಂಟು ಪ್ರಶ್ನೆ ಕೇಳಿ, ಒಂದೇ ವಿಭಾಗದಲ್ಲಿ ಒಂದು ಸುಗ್ಗಿ ನಡೆಸಿ ನೋಡೋಣ. ಆಯ್ಕೆಯ ಸಮಿತಿಯಲ್ಲಿ ಕಚೇರಿಯವರ ಜೊತೆ ಕಣದಿಂದ ಒಬ್ಬರು, ಸುಲಿಯುವ ಮನೆಯಿಂದ ಒಬ್ಬರು ಇರಲೇಬೇಕು. ಪುಸ್ತಕ ಖಾಲಿಯೇ ಉಳಿದರೆ ತೊಂದರೆ ಇರುವುದು ನಮ್ಮ ಕಣ್ಣಿನಲ್ಲಿ. ಅದಕ್ಕೆ ತಲೆಗೆ ನೂರು ರೂಪಾಯಿ ಕೊಟ್ಟರೂ ಮದ್ದಿಲ್ಲ.

ನನ್ನ ತೋಟದ ಕಥೆಯನ್ನು ಅರ್ಧಕ್ಕೇ ಬಿಟ್ಟೆ. ಕಳೆದ ಸುಗ್ಗಿಗೆ ಮೊದಲು ಆ ಹಿರಿಯ ಹೆಂಗಸಿನ ಮನೆಗೆ ನಾನೇ ಹೋಗಿ ತಪ್ಪಾಯಿತೆಂದು ಹೇಳಿದೆ. ಚಾ ಕೊಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರ್ತೀನಿ ಅಯ್ಯಾ. ಆದ್ರೆ ಆ ಹಲಗೆ ಇರಬಾರ್ದು" ಎಂದರು. ಹಲಗೆಯನ್ನು ಕೊಟ್ಟಿಗೆಯ ಬಾಗಿಲಿಗೆ ಹೊಡೆಸಿದ್ದೇನೆ. ಅವರು ಬಂದರು, ಜೊತೆಗೆ ಹೋದ ಇಬ್ಬರಲ್ಲಿ ಒಬ್ಬರು ಬಂದರು. ಇನ್ನೊಬ್ಬರು ಇನ್ನೂ ಬಂದಿಲ್ಲ.

ಅಭ್ಯಾಸಕ್ಕೆ ಪ್ರಶ್ನೆಗಳು

ಮುಂದಿನ ವಲಯ ಸಭೆಗೆ ಬರುವಾಗ ಸದಸ್ಯರು ಇವುಗಳನ್ನು ಯೋಚಿಸಿಕೊಂಡು ಬರಬೇಕೆಂದು ಕೋರುತ್ತೇನೆ.

ಅ) ನಿಮ್ಮ ತೋಟದಲ್ಲಿ ತಕ್ಕಡಿಗೂ ಚೆಕ್‌ರೋಲಿಗೂ ಸಿಕ್ಕದ, ಆದರೆ ನಡೆಯದಿದ್ದರೆ ನಷ್ಟವಾಗುವ ಮೂರು ಕೆಲಸ ಯಾವುವು? ಅವನ್ನು ಮಾಡುವವರು ಯಾರು?

ಆ) ಕಳೆದ ಸುಗ್ಗಿಯಲ್ಲಿ ನೀವು ಕೊಟ್ಟ ಬಹುಮಾನದಿಂದ ಹೆಚ್ಚಿದ್ದೇನು, ಕೆಟ್ಟದ್ದೇನು?

ಇ) ನಿಮ್ಮಲ್ಲಿ ದುಡಿಯುವವರಲ್ಲಿ, ಈ ವರ್ಷ ನಿಮ್ಮಿಂದ ಒಂದೂ ಒಳ್ಳೆಯ ಮಾತು ಕೇಳದವರು ಎಷ್ಟು ಮಂದಿ?

ಈ) ಸಂಘವು ತಂತ್ರಾಂಶಕ್ಕೆ ವರ್ಷಕ್ಕೆ 31,000 ರೂಪಾಯಿ ಖರ್ಚು ಮಾಡುವುದಾದರೆ, ಅದೇ ಹಣದಲ್ಲಿ ಮಾಡಬಹುದಾದ ಬೇರೆ ಕೆಲಸ ಯಾವುದು? ಎರಡರಲ್ಲಿ ಯಾವುದು ಮೇಲು?

ನಿಮ್ಮ ಅಭಿಪ್ರಾಯವನ್ನು ಸಭೆಯಲ್ಲಿ ಹೇಳಬಹುದು, ಇಲ್ಲವೇ ಒಂದು ಕಾಗದದಲ್ಲಿ ಬರೆದು ಸಂಘದ ಮಳಿಗೆಯಲ್ಲಿ ಕೊಡಬಹುದು. ಪರವಾದದ್ದನ್ನೂ ವಿರೋಧವಾದದ್ದನ್ನೂ ಮಂಡಳಿಯ ಮುಂದೆ ಹಾಗೆಯೇ ಇಡುತ್ತೇನೆ.

ಕಾರ್ಯದರ್ಶಿ